ಬನಿಯನ್ ವಿಸರ್ಜನೆ

ನನಗೆ ಅರವತ್ತರ ಶಾಂತಿ ಮಾಡಿಸಬೇಕು ಎಂಬ ಮಾತು ಯುಗಾದಿಯ ದಿನವೇ ಎದ್ದಿತು. ಪಂಚಾಂಗ ಓದುತ್ತಿದ್ದ ಅಣ್ಣ ವಿಶ್ವಾವಸು ಸಂವತ್ಸರ ಎಂದವರೇ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಹುಟ್ಟಿದ್ದೂ ವಿಶ್ವಾವಸುವಿನಲ್ಲೇ, 1965ರಲ್ಲಿ, ಜ್ಯೇಷ್ಠ ಶುದ್ಧ ಅಷ್ಟಮಿ. ಸಂವತ್ಸರಗಳ ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಂತಿದ್ದೇನೆ, ಇನ್ನು ನನ್ನನ್ನು ಹೋಮಕುಂಡದ ಮುಂದೆ ಕೂರಿಸದೆ ಬಿಡುವುದಿಲ್ಲ ಎಂಬುದು ಆ ನೋಟದ ಅರ್ಥ.

"ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ" ಎಂದೆ. ಇಲ್ಲದೆ ಏನು? ನಾನು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವನು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದು ಎಂದು ಒಂದು ತಲೆಮಾರಿಗೇ ಕಲಿಸಿದ ಎಚ್. ನರಸಿಂಹಯ್ಯನವರ ಭಾಷಣಗಳನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದವನು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸುವುದಕ್ಕೆಂದೇ ಸಮಿತಿ ಮಾಡಿದ್ದ ಮನುಷ್ಯ ಅವರು. ಅಂಥವರ ಶಿಷ್ಯ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಮೃತ್ಯುಂಜಯ ಹೋಮಕ್ಕೆ ಕೂರುವುದೇ?

ಅಡುಗೆಮನೆಯಿಂದ ಒಂದೇ ಮಾತು ತೇಲಿ ಬಂತು. "ನಂಬಿಕೆ ಇಲ್ಲ ಅಂದ್ರೆ ಆ ಬನಿಯನ್ ಎಸೀಲೇನ್ರೀ?"

ಶಾಂತಿಗೆ ಒಪ್ಪಿಕೊಂಡೆ.

ಬನಿಯನ್ನಿನ ಚರಿತ್ರೆ ತಿಳಿಯದವರಿಗೆ ಎರಡು ಮಾತು. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ ಔಟಾಗದೆ 175 ಹೊಡೆದು ಆರ್‌ಸಿಬಿ 263 ಮಾಡಿತಲ್ಲ, ಆಗ ನನ್ನ ಮೈಮೇಲೆ ಇದ್ದದ್ದು ಅದು. ಆಗಿನ್ನೂ ಬೆಳ್ಳಗಿತ್ತು, ತೂತಿರಲಿಲ್ಲ. ಇದೊಂದರಿಂದಲೇ ಏನೂ ಸಿದ್ಧವಾಗುವುದಿಲ್ಲ, ನನಗೂ ಗೊತ್ತು; ವಿಜ್ಞಾನದ ವಿದ್ಯಾರ್ಥಿಯಲ್ಲವೇ. ಆದರೆ ನಾಲ್ಕು ವರ್ಷದ ಮೇಲೆ, 2017ರಲ್ಲಿ, ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಅದೇ ಆರ್‌ಸಿಬಿ 49ಕ್ಕೆ ಆಲೌಟ್ ಆಯಿತು. ನಲವತ್ತೊಂಬತ್ತು! ಬನಿಯನ್ ಎಲ್ಲಿತ್ತು? ಬಚ್ಚಲಲ್ಲಿ, ಸೋಪಿನ ನೀರಿನಲ್ಲಿ ನೆನೆಯುತ್ತಿತ್ತು. ಒಂದು ಪ್ರಯೋಗ, ಒಂದು ಪ್ರತಿಪ್ರಯೋಗ, ಒಂದೇ ತಾರೀಖು. ಇನ್ನೇನು ಪುರಾವೆ ಬೇಕು? ಅಂದಿನಿಂದ ಅದನ್ನು ಒಗೆಯುವುದು ಐಪಿಎಲ್ ಮುಗಿದ ಮೇಲೆ, ನಾನೇ, ನನ್ನ ಕೈಯಿಂದಲೇ.

"ಅದನ್ನ ಹಾಕ್ಕೊಂಡೂ ಒಂದು ಸಲಾನೂ ಕಪ್ ಬರ್ಲಿಲ್ವಲ್ಲಾ?" ಎಂದು ಕೇಳುವವರು ಇದ್ದರು. ಹೆಚ್ಚಾಗಿ ಒಬ್ಬರೇ ಕೇಳುತ್ತಿದ್ದದ್ದು. 2024ರಲ್ಲಿ ಸ್ಮೃತಿ ಮಂಧಾನ ಹುಡುಗಿಯರ ಕಪ್ ಎತ್ತಿದ ರಾತ್ರಿಯಂತೂ, "ಈ ಮಕ್ಕಳು ಗೆದ್ದಾಗ ನಿಮ್ಮ ಬನಿಯನ್ ಎಲ್ಲಿತ್ರೀ?" ಎಂದು ಸವಾಲೇ ಹಾಕಿದಳು. ಬೀರುವಿನಲ್ಲಿತ್ತು. ನಾನು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ, ಪಿತ್ರಾರ್ಜಿತ. ನಮ್ಮಪ್ಪ ತ್ರಿಕಾಲ ಸಂಧ್ಯಾವಂದನೆ ಮಾಡುತ್ತಿದ್ದವರು. ನಾಲ್ಕನೆಯ ಕಾಲದ್ದು ರೇಡಿಯೋ ಮುಂದೆ. ವಿಶ್ವನಾಥ್ ಆಡುತ್ತಿದ್ದಾಗ ಮನೆಯಲ್ಲಿ ಯಾರೂ ಇದ್ದಲ್ಲಿಂದ ಅಲುಗಬಾರದು. 1975ರ ಜನವರಿ, ಮದ್ರಾಸಿನ ಟೆಸ್ಟ್. ಆ್ಯಂಡಿ ರಾಬರ್ಟ್ಸ್ ಎದುರಿಗೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಉರುಳುತ್ತಿದ್ದರೆ ವಿಶಿ ಒಬ್ಬರೇ ನಿಂತಿದ್ದರು; ಇತ್ತ ನಮ್ಮಮ್ಮನೂ ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. ಒಲೆಯ ಮೇಲೆ ಹುಳಿ ಸೀಯುತ್ತಿತ್ತು. ಕೊನೆಗೆ ತಡೆಯಲಾರದೆ ಒಳಗೆ ಕಾಲಿಟ್ಟಳು. ಹನ್ನೊಂದನೆಯವರಾಗಿ ಬಂದಿದ್ದ ಚಂದ್ರಶೇಖರ್ ಔಟಾದರು, ವಿಶಿ 97ಕ್ಕೇ ಉಳಿದರು, ಭಾರತ 190ಕ್ಕೆ ಆಲೌಟ್. ಆ ಮೂರು ರನ್ನನ್ನು ಅಪ್ಪ ಅಮ್ಮನ ಲೆಕ್ಕಕ್ಕೇ ಬರೆದಿಟ್ಟಿದ್ದರು, ಕೊನೆಯವರೆಗೂ ಮಾಫಿ ಮಾಡಲಿಲ್ಲ. ಅದೇ ಪಂದ್ಯ ಭಾರತ ಗೆದ್ದದ್ದು ಮಾತ್ರ ತಮ್ಮ ಸಂಧ್ಯಾವಂದನೆಯಿಂದ.

ಇರಲಿ, ಶಾಂತಿಗೆ ಬರುತ್ತೇನೆ. ಶಾಸ್ತ್ರಿಗಳು ತಿಥಿ ನೋಡಿ ಜೂನ್ 3, ಮಂಗಳವಾರ ಎಂದರು. ನಾನು ಐಪಿಎಲ್ ಪಟ್ಟಿ ನೋಡಿದೆ. ಫೈನಲ್ ಮೇ 25ಕ್ಕೆ. ನಿಶ್ಚಿಂತೆಯಿಂದ ಛತ್ರಕ್ಕೆ ಮುಂಗಡ ಕೊಟ್ಟೆವು. ಆಮೇಲೆ ಗಡಿಯಲ್ಲಿ ಏನೇನೋ ಆಗಿ, ಪಂದ್ಯಾವಳಿ ಒಂದು ವಾರ ನಿಂತು, ಮತ್ತೆ ಶುರುವಾಗಿ, ಫೈನಲ್ಲು ಕೋಲ್ಕತ್ತದಿಂದ ಅಹಮದಾಬಾದಿಗೂ ಮೇ 25ರಿಂದ ಜೂನ್ 3ಕ್ಕೂ ಹೋಯಿತು. ಆರ್‌ಸಿಬಿ ಎಂದಿನಂತೆ ಕೈಕೊಟ್ಟಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಮೇ 29ರಂದು ಪಂಜಾಬನ್ನು 101ಕ್ಕೆ ಕೆಡವಿ, ಹತ್ತೇ ಓವರಿನಲ್ಲಿ ಹೊಡೆದುಹಾಕಿ ನೇರ ಫೈನಲ್ಲಿಗೆ ನುಗ್ಗಿತು.

ಶಾಂತಿ ಬೆಳಿಗ್ಗೆ, ಪಂದ್ಯ ಸಂಜೆ ಏಳೂವರೆಗೆ. ಇದರಲ್ಲೇನು ಕಷ್ಟ ಎನ್ನಬಹುದು ನೀವು. ಫೈನಲ್ ದಿನ ಬನಿಯನ್ನು ಸೂರ್ಯೋದಯದಿಂದಲೇ ಮೈಮೇಲೆ ಇರಬೇಕು. ಹೋಮಕ್ಕೆ ಕೂರುವ ಯಜಮಾನನಿಗೋ ಪಂಚೆ, ಶಲ್ಯ, ಅಷ್ಟೇ, ಬನಿಯನ್ ನಿಷಿದ್ಧ. ಎರಡೂ ಶಾಸ್ತ್ರಗಳಿಗೆ ಸಮಾಧಾನವಾಗುವ ದಾರಿ ಹುಡುಕಿದೆ. ಬನಿಯನ್ನನ್ನು ನಾಲ್ಕು ಮಡಿಕೆ ಮಾಡಿ, ಪಂಚೆಯ ಒಳಗೆ, ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಂಡೆ. ಹೊಟ್ಟೆ ಸ್ವಲ್ಪ ದಪ್ಪ ಕಂಡಿರಬಹುದು. ನನ್ನ ಹೊಟ್ಟೆಯ ಬಗ್ಗೆ ಯಾರೂ ಅನುಮಾನ ಪಡುವ ಹಾಗಿಲ್ಲ.

ಸಂಕಲ್ಪ, ಪುಣ್ಯಾಹ, ಹೋಮ ಎಲ್ಲ ಸುಸೂತ್ರ. ಕಲಶಸ್ನಾನ ಬಂತು. ವೇದಿಕೆಯ ಮೇಲೆ ಎರಡು ಮಣೆ. ನಾನೂ ಅವಳೂ ಕೂತೆವು. ಮಕ್ಕಳು, ಸೊಸೆ, ಅಣ್ಣಂದಿರು, ಭಾವಂದಿರು, ಅವರ ಮಕ್ಕಳು, ಒಬ್ಬರಾದ ಮೇಲೊಬ್ಬರು ತೂತುಗಳ ಪಾತ್ರೆ ಹಿಡಿದು ಕಲಶದ ನೀರು ಸುರಿಯುತ್ತ ಹೋದರು. ನಮ್ಮ ಕಡೆಯವರು ಧಾರಾಳಿಗಳು. ಕೊಡುವುದರಲ್ಲಿ ಅಲ್ಲ, ನೀರು ಹೊಯ್ಯುವುದರಲ್ಲಿ. ಹತ್ತಿಯ ಬನಿಯನ್ ನೀರು ಕುಡಿಯತೊಡಗಿತು. ಕುಡಿದಷ್ಟೂ ಭಾರವಾಯಿತು. ಉಡಿದಾರ ಜಗ್ಗುವುದು ನನಗೆ ತಿಳಿಯುತ್ತಿತ್ತು. ಕೈ ಮುಗಿದುಕೊಂಡಿರಬೇಕೆಂದು ಶಾಸ್ತ್ರಿಗಳ ಅಪ್ಪಣೆಯಾಗಿದ್ದರಿಂದ ಕೈ ಇಳಿಸುವಂತಿಲ್ಲ. ಹೊಟ್ಟೆ ಉಬ್ಬಿಸಿ ಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು? ಅಷ್ಟರಲ್ಲಿ "ಇನ್ನು ಎದ್ದು ನಿಲ್ಲಿ ಯಜಮಾನರೇ" ಎಂದರು ಶಾಸ್ತ್ರಿಗಳು.

ಎದ್ದೆ. ಅದು ಇಳಿಯಿತು.

ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಮೀನಖಂಡಕ್ಕೆ, ಅವಸರವೇ ಇಲ್ಲದೆ, ತಣ್ಣಗೆ ಸವರಿಕೊಂಡು ಇಳಿದು, ಪಚಕ್ಕೆಂದು ರಂಗೋಲಿಯ ನಟ್ಟನಡುವೆ ಕೂತಿತು. ಮಂತ್ರ ನಿಂತಿತು. ವಾಲಗದವರು ಇದೇ ಗಟ್ಟಿಮೇಳದ ಹೊತ್ತೆಂದುಕೊಂಡು ಜೋರಾಗಿ ಬಾರಿಸಿ, ಸನ್ನೆ ಸಿಗದೆ ತಾವೂ ನಿಂತರು. ಈಗಿನ ಛತ್ರಗಳಲ್ಲಿ ವೇದಿಕೆಯ ಪಕ್ಕಕ್ಕೊಂದು, ಊಟದ ಮನೆಯಲ್ಲೊಂದು ದೊಡ್ಡ ಪರದೆ ಹಾಕಿರುತ್ತಾರೆ. ಕ್ಯಾಮೆರಾ ಹುಡುಗನಿಗೆ ಬುದ್ಧಿ ಇದ್ದಿದ್ದರೆ ನನ್ನ ಮುಖ ತೋರಿಸುತ್ತಿದ್ದ. ಅವನು ಬಿದ್ದದ್ದರ ಹತ್ತಿರಕ್ಕೇ ಹೋದ. ಮೊದಲ ಪಂಕ್ತಿಯಲ್ಲಿ ಕೋಸಂಬರಿಗೆ ಕೈಹಾಕಿದ್ದವರ ಎದುರು ನನ್ನ ಬನಿಯನ್ ಆಳೆತ್ತರಕ್ಕೆ ಮೂಡಿತು. ಕಂಕುಳ ಬಳಿಯ ತೂತಂತೂ ಬಾಳೆಲೆಯಷ್ಟು ಅಗಲ. "ಏನದು, ಏನೋ ಬಿತ್ತಲ್ಲ" ಎಂದು ಬೀಗರು ತಮ್ಮ ಹೆಂಡತಿಯನ್ನು ಕೇಳಿದ್ದು ಮೈಕಿನಲ್ಲಿ ಸ್ವಚ್ಛವಾಗಿ ಕೇಳಿಸಿತು.

ಶಾಸ್ತ್ರಿಗಳು ದರ್ಭೆಯ ತುದಿಯಿಂದ ಅದನ್ನು ಎತ್ತಲು ನೋಡಿದರು. ಆಗಲಿಲ್ಲ. ಅವರ ಶಿಷ್ಯ, ಇಪ್ಪತ್ತರ ಹುಡುಗ, ಬೆರಳಲ್ಲಿ ಹಿಡಿದೆತ್ತಿ ನನ್ನ ಕಿವಿಯ ಹತ್ತಿರ ಬಂದು, "ಸರ್, ಇದು ಇವತ್ತಿನ ಮ್ಯಾಚಿಗಾ?" ಎಂದ. ಅಷ್ಟು ಜನರಲ್ಲಿ ಅರ್ಥ ಮಾಡಿಕೊಂಡವನು ಅವನೊಬ್ಬ.

"ಸ್ನಾನದಲ್ಲಿ ಒದ್ದೆಯಾದ ವಸ್ತ್ರಗಳನ್ನೆಲ್ಲ ದಾನ ಕೊಟ್ಟುಬಿಡಬೇಕು" ಎಂದರು ಶಾಸ್ತ್ರಿಗಳು. ನನ್ನ ಎದೆ ಧಸಕ್ಕೆಂದಿತು. ಅವರೇ ಅದನ್ನು ಬೆಳಕಿಗೆ ಹಿಡಿದು ನೋಡಿ, "ಆದರೆ ಹರಿದ ವಸ್ತ್ರ ದಾನಕ್ಕೆ ಸಲ್ಲದು" ಎಂದು ತೀರ್ಪು ಕೊಟ್ಟರು. ಶಾಸ್ತ್ರಗಳನ್ನು ಸುಮ್ಮನೆ ಹಳಿಯುತ್ತ ಬಂದೆನಲ್ಲ, ಎಂಥ ಸೂಕ್ಷ್ಮ, ಎಂಥ ನ್ಯಾಯ ಎಂದು ನನ್ನ ಕಣ್ಣು ತುಂಬಿತು. ಕೈ ಚಾಚಿದೆ.

ಪಕ್ಕದ ಮಣೆಯಿಂದ ಅವಳು, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ, ಮೆತ್ತಗೆ ಕೇಳಿದಳು: "ದಾನ ಬೇಡ ಶಾಸ್ತ್ರಿಗಳೇ, ವಿಸರ್ಜನೆ ಮಾಡಬಹುದಲ್ವಾ?"

"ಧಾರಾಳವಾಗಿ."

"ನೋಡೇ, ಇವತ್ತೊಂದು ದಿನ" ಎಂದೆ. ಮೈಕು ಅದನ್ನೂ ಹಿಡಿಯಿತು. ಬನಿಯನ್ ನಿರ್ಮಾಲ್ಯದ ಬಕೆಟ್ಟಿಗೆ ಬಿತ್ತು, ಮೇಲೆ ಬಾಡಿದ ಸೇವಂತಿಗೆ. ಆಮೇಲೆ ಬಟ್ಟಲ ತುಪ್ಪದಲ್ಲಿ ಮುಖ ನೋಡಿಕೊಳ್ಳಿ ಎಂದರು; ನೋಡಿಕೊಂಡೆ, ಸೋತವನ ಮುಖವೇ. ಮತ್ತೊಮ್ಮೆ ತಾಳಿ ಕಟ್ಟುವಾಗ ನನ್ನ ಕೈ ನಡುಗಿದ್ದನ್ನು ಕಂಡು ಬೀಗತಿ ಕಣ್ಣೊರೆಸಿಕೊಂಡರಂತೆ. ಅರವತ್ತರಲ್ಲೂ ಎಷ್ಟು ಪ್ರೀತಿ ಎಂದರಂತೆ.

ಸಂಜೆ ಮನೆಯಲ್ಲಿ ಮಗ ತಂದ ಹೊಸ ಜರ್ಸಿ ಹಾಕಿಕೊಂಡು ಕೂತೆ. ಬೆನ್ನ ಮೇಲೆ 60 ಎಂದು ಬರೆಸಿದ್ದ. ಮೈಗೆ ಚುಚ್ಚುತ್ತಿತ್ತು. ಆರ್‌ಸಿಬಿ 190 ಮಾಡಿತು. ಸಾಲದು ಎಂದ ಮಗ. ನನಗೆ ಮಾತ್ರ ಅಪ್ಪನ ರೇಡಿಯೋ ಕೇಳಿಸಿತು. ಅದೇ 190. "ಯಾರೂ ಅಲುಗಬೇಡಿ" ಎಂದು ಕೂಗಿದೆ. ಮೊಮ್ಮಗಳ ಡೈಪರ್ ಬದಲಿಸುತ್ತಿದ್ದ ಸೊಸೆಯೂ ಇದ್ದ ಹಾಗೇ ನಿಂತುಬಿಟ್ಟಳು. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ಕೊಟ್ಟ. ಕೊನೆಯ ಓವರಿಗೆ 29 ಬೇಕು, ಹೇಜಲ್‌ವುಡ್ ಮೊದಲೆರಡು ಎಸೆತಕ್ಕೆ ರನ್ ಕೊಡಲಿಲ್ಲ, ಕೊಹ್ಲಿ ಅಲ್ಲೇ ಅಳತೊಡಗಿದ, ನಾನು ಇಲ್ಲಿ. ಆರು ರನ್ನಿನಿಂದ ಗೆದ್ದೆವು. 2009ರ ಫೈನಲ್ಲಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೋತದ್ದೂ ಆರೇ ರನ್ನಿನಿಂದ; ಆ ಸಾಲ ತೀರಿತು.

ಹದಿನೆಂಟನೆಯ ವರ್ಷಕ್ಕೆ ಕಪ್. ಬೀದಿಯಲ್ಲಿ ಪಟಾಕಿ. ಅವಳು ಉಳಿದಿದ್ದ ಹೋಳಿಗೆ ತಂದಿಟ್ಟು, "ಇಷ್ಟು ವರ್ಷ ಯಾಕೆ ಗೆದ್ದಿರ್ಲಿಲ್ಲ ಅಂತ ಈಗ ಗೊತ್ತಾಯ್ತಲ್ಲ?" ಎಂದಳು. ಬನಿಯನ್ ಹೋದ ದಿನವೇ ಕಪ್ ಬಂದಿದೆ. ನನ್ನದೇ ತರ್ಕ, ನನಗೇ ತಿರುಗಿ ಕೂತಿದೆ. ಅಣ್ಣ ಮೃತ್ಯುಂಜಯ ಹೋಮದ ಫಲ ಎಂದರು. ಶಾಸ್ತ್ರಿಗಳೂ ಫೋನು ಮಾಡಿ ಹಾಗೇ ಸೂಚಿಸಿದರು. ಪ್ರಶ್ನೆ ಕೇಳಬೇಕಾದ ನರಸಿಂಹಯ್ಯನವರ ಶಿಷ್ಯ ಹೋಳಿಗೆ ತಿನ್ನುತ್ತಿದ್ದ.

ಮರುದಿನ ಅಣ್ಣನ ಮೊಮ್ಮಗ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿಗೆ ಹೊರಟ. ನಾನೂ ಚಪ್ಪಲಿ ಹಾಕಿಕೊಂಡೆ. ಬಾಡಿಗೆ ಪಾತ್ರೆ ಲೆಕ್ಕ ಮಾಡಿ ವಾಪಸು ಕೊಡದೆ ಒಬ್ಬರೂ ಹೊಸ್ತಿಲು ದಾಟಕೂಡದು ಎಂದು ಅವಳು ಬಾಗಿಲಿಗೆ ನಿಂತಳು. ಲೋಟ ಎಣಿಸುತ್ತ ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಲೆಕ್ಕ ಮುಗಿಯುವ ಹೊತ್ತಿಗೆ ಟೀವಿಯಲ್ಲಿ ಸುದ್ದಿ ಬಂತು. ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಹನ್ನೊಂದು ಜನ ಸತ್ತರು, ಹೆಚ್ಚಿನವರು ಎಳೆಯರು. ಅವರ ಮನೆಗಳಲ್ಲೂ ಒಂದೊಂದು ಬನಿಯನ್ ಇದ್ದಿರಬೇಕು, ಒಂದು ಟೋಪಿ, ಒಂದು ಕೂರುವ ಜಾಗ. ಆ ವಾರವೆಲ್ಲ ಮನೆಗೆ ಬಂದವರು, ಅದೇ ಶಾಂತಿಯ ಊಟ ಉಂಡು ಹೋದವರು, "ಆ ಹುಡುಗ್ರು ಅಲ್ಲಿಗ್ಯಾಕೆ ಹೋಗ್ಬೇಕಿತ್ತು?" ಎಂದು ಕೇಳಿದರು. ದೇವರ ಉತ್ಸವಕ್ಕೆ ನುಗ್ಗಿ ತೇರಿನ ಹಗ್ಗ ಹಿಡಿಯುವವರೇ ಹಾಗೆ ಕೇಳಿದ್ದಕ್ಕೆ ನನಗೆ ಮೈಯುರಿಯಿತು. ಹೋಗದೆ ಏನು ಮಾಡಬೇಕಿತ್ತು? ಹದಿನೆಂಟು ವರ್ಷ ಕಾದದ್ದು ಮನೆಯಲ್ಲಿ ಕೂರುವುದಕ್ಕಲ್ಲ. ಹೋದವರದ್ದು ತಪ್ಪಲ್ಲ.

ಇದನ್ನು ಬರೆಯುತ್ತಿರುವ ಈ ಆಷಾಢದಲ್ಲಿ ನಮ್ಮ ಮನೆಯಲ್ಲಿ ಕ್ರಿಕೆಟ್ ಮಾತು ಸ್ವಲ್ಪ ಕಡಿಮೆ. ಎಪ್ಪತ್ತಕ್ಕೆ ಭೀಮರಥ ಶಾಂತಿ ಅಂತ ಇನ್ನೊಂದು ಇದೆ, ಅದಕ್ಕೆ ಈಗಲೇ ಒಪ್ಪಿಬಿಟ್ಟಿದ್ದೇನೆ. ಅಷ್ಟರೊಳಗೆ ಇನ್ನೊಂದು ಕಪ್ ಬಂದೇ ಬರುತ್ತದೆ. ಆ ವಿಷಯದಲ್ಲಿ ನನಗೆ ಪ್ರಶ್ನೆಗಳಿಲ್ಲ. ಆಗ ಹುಡುಗರು ಮತ್ತೆ ಬರುತ್ತಾರೆ. ಗೇಟುಗಳನ್ನು ಮೊದಲೇ ಅಗಲವಾಗಿ ತೆರೆದಿಡಿ, ಸ್ವಾಮಿ.