ಎಲ್ಲಾರಿಗೂ ಮುಕ್ತ

(ಶಿಗ್ಗಾಂವದ ಒಂದು ಚಾದಂಗಡಿ. ಬೋರ್ಡ್ ಬರಿಯೋ ಬಸ್ಯಾ, ಬಗಲಾಗ ಹಳೇ ಸೀರಿ ಸುತ್ತಿದ ಚಿತ್ರ.)

ಕಾಕಾ: ವಾರ್ಷಿಕ ಕಲಾ ಪ್ರದರ್ಶನಕ್ಕ ಕಳಿಸಿದ್ದೆಲ್ಲೋ?

ಬಸ್ಯಾ: ವಾಪಸ್ ಬಂತ್ರಿ.

ಕಾಕಾ: 'ಎಲ್ಲಾರಿಗೂ ಮುಕ್ತ' ಅಂದಿದ್ರಲ್ಲ?

ಬಸ್ಯಾ: ಫೀ ಕಟ್ಟಾಕ ಮುಕ್ತ ಕಾಕಾ. ಒಳಗ ಹೋಗಾಕ ತೀರ್ಪುಗಾರರು ಅದಾರ.

ಕಾಕಾ: ಏನಂದ್ರು?

ಬಸ್ಯಾ: ಎಮ್ಮಿ ಎಮ್ಮಿಹಂಗ ಕಾಣತೈತಿ ಅಂದ್ರು.

ಕಾಕಾ: ಯವ್ವಾ! ಗೊಟಗೋಡಿ ರಾಕ್ ಗಾರ್ಡನ್ನಾಗ ಕಲಾವಿದ ಸೊಲಬಕ್ಕನವರ ಮಾಡಿದ ಸಿಮೆಂಟ್ ಮೂರ್ತಿ ಖರೇ ಇದ್ದಂಗ ಅದಾವಂತ ಮಂದಿ ಟಿಕೀಟ ತಗಸಿ ನೋಡ್ತಾರಲ್ಲೋ!

ಬಸ್ಯಾ: ಅಲ್ಲಿ ಬರೇ ನೋಡಾವ್ರು ಬರ್ತಾರ್ರಿ, ತಿಳದಾವ್ರಲ್ಲ.

ಕಾಕಾ: ಬಹುಮಾನ ಯಾವುದಕ್ಕ?

ಬಸ್ಯಾ: ಖಾಲಿ ಚೌಕಟ್ಟಿಗೆ. ಹೆಸರು 'ಶೂನ್ಯ'.

ಕಾಕಾ: ಬಿಡಿಸಿದಾವ ಯಾರು?

ಬಸ್ಯಾ: ಬಿಡಿಸಿಲ್ರಿ, ಬಿಟ್ಟಾನ. ತೀರ್ಪುಗಾರರ ಶಿಷ್ಯ.

ಕಾಕಾ: ತೀರ್ಪುಗಾರರ ಇಲ್ಲದ ಊರು ಇಲ್ಲೇನು?

ಬಸ್ಯಾ: 1917ರಾಗ ನ್ಯೂಯಾರ್ಕಿನಾಗ ಅಂಥಾದೊಂದು ಪ್ರದರ್ಶನ ಇತ್ರಿ. ಆರು ಡಾಲರ್ ಕಟ್ಟಿದ್ರ ಯಾರದಿದ್ರೂ ಇಡ್ತೀವಿ ಅಂದ್ರು. ದ್ಯುಶಾಂ ಅನ್ನಾವ ಮೂತ್ರಿಯ ಪಿಂಗಾಣಿ ತೊಟ್ಟಿ ಕಳಿಸಿದ. ತೋರಸಲೇ ಇಲ್ಲ!

ಕಾಕಾ: ಪಾಪ, ಅವಸರ ಆದಾವ್ರು ಏನ್ ಮಾಡಿರಬೇಕು! ಅದಿರಲಿ, ನನ್ನ ಹಿತ್ತಲ ಗ್ವಾಡಿಗೆ 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರದಿ ನೋಡು...

ಬಸ್ಯಾ: ಅಳಿಸೇತೇನ್ರಿ?

ಕಾಕಾ: ದಿನಾ ತೋಯ್ತೈತಿ. ಒಬ್ಬಾಂವನೂ ಅರ್ಜಿ ಹಾಕಿಲ್ಲ.