ಭೀಮಸಮುದ್ರದಿಂದ ಹಿಮಸಮುದ್ರಕ್ಕೆ

ಭೀಮಸಮುದ್ರದಲ್ಲಿರುವುದು ಕೆರೆ. ಸಮುದ್ರ ಹೆಸರಿಗಷ್ಟೇ. ಚಿತ್ರದುರ್ಗದ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನ್ನ ಫೋನಿಗೆ ಮಾತ್ರ ಗೊತ್ತಿರಲಿಲ್ಲ.

ಅಡಿಕೆ ಸುಗ್ಗಿಗೆಂದು ಅಲ್ಲಿರುವ ಅಕ್ಕನ ಮನೆಗೆ ಹೋದವನು ಫೋಟೊ ಹೊಡೆದದ್ದೇ ಹೊಡೆದದ್ದು. ಹಂಡೆಯಲ್ಲಿ ಕುದಿಯುವ ಚೊಗರು, ಕಣದ ತುಂಬ ಕೆಂಪಗೆ ಹರಡಿದ ಬೇಯಿಸಿದ ಅಡಿಕೆ, ಸುಲಿಯುತ್ತ ಕೂತಲ್ಲೇ ಫೋಟೊ ಬೇಡವೆಂದು ಸೆರಗು ಅಡ್ಡ ಹಿಡಿದ ಅಕ್ಕ. ಬೆಂಗಳೂರಿಗೆ ಬಂದು ನಕ್ಷೆ ತೆರೆದರೆ ಅಷ್ಟೂ ಚಿತ್ರ ಆಫ್ರಿಕಾದ ಘಾನಾ ದೇಶದ ಕೆಳಗೆ, ಗಿನಿ ಕೊಲ್ಲಿಯಲ್ಲಿ ತೇಲುತ್ತಿವೆ! ತೋಟದ ನೆರಳಲ್ಲಿ ಫೋನಿಗೆ ಉಪಗ್ರಹ ಸಿಕ್ಕಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು ಸೊನ್ನೆ ಸುತ್ತಿದೆ. ಎರಡೂ ಸೊನ್ನೆಯಾಗುವ ಆ ಜಾಗಕ್ಕೆ ಕಂಪ್ಯೂಟರಿನವರು ನಲ್ ಐಲ್ಯಾಂಡ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ಸಮುದ್ರದಲ್ಲಿ ಕೆರೆಯಾದರೂ ಇದೆ, ಅವರ ದ್ವೀಪದಲ್ಲಿ ದ್ವೀಪವೇ ಇಲ್ಲ.

ಪ್ರತಿ ಫೋಟೊದ ಹೊಟ್ಟೆಯೊಳಗೂ ಎಕ್ಸಿಫ್ ಎಂಬ ಜಾತಕವಿರುತ್ತದೆ: ಹುಟ್ಟಿದ ದಿನ, ಗಳಿಗೆ, ಊರು. ಅದನ್ನು ತಿದ್ದುವುದಕ್ಕೆ ಕೆನಡಾದ ಫಿಲ್ ಹಾರ್ವೆ 2003ರಲ್ಲೇ ಎಕ್ಸಿಫ್‌ಟೂಲ್ ಮಾಡಿಕೊಟ್ಟಿದ್ದಾರೆ, ಪುಕ್ಕಟೆಯಾಗಿ. ಒತ್ತಲು ಗುಂಡಿಗಳಿಲ್ಲ, ಎಲ್ಲವನ್ನೂ ಟೈಪ್ ಮಾಡಬೇಕು. ನನ್ನಂಥವರ ಕೈಗೆ ಅದು ಸಿಗಬಾರದಿತ್ತು.

ಊರಿರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ. ನಾನು ಹಿಂದುಮುಂದು ಮಾಡಿದೆ. ಅಕ್ಕ, ಹಂಡೆ, ಕಣ ಎಲ್ಲ ಸೀದಾ ನಾರ್ವೆಗೂ ಆಚೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರಕ್ಕೆ! ಗಾಬರಿಯಲ್ಲಿ ತಿದ್ದಿದೆ, ಪೂರ್ವ ಅನ್ನುವಲ್ಲಿ ಪಶ್ಚಿಮ ಬಿತ್ತು. ಈ ಸಲ ಜಮೈಕಾದ ಕೆಳಗೆ, ಕೆರಿಬಿಯನ್ ಸಮುದ್ರ.

ಫೋನಿನಲ್ಲಿ ಇದನ್ನು ಹೇಳಿದರೆ ಭಾವ ಕೇಳಿದ್ದು ಒಂದೇ ಮಾತು: "ಅಲ್ಲಿ ಕ್ವಿಂಟಾಲಿಗೆ ಎಷ್ಟು ನಡೀತಿದೆಯಂತೆ?" ಅಕ್ಕ ಫೋನು ಕಿತ್ತುಕೊಂಡಳು. "ಮೂರು ಸಮುದ್ರ ಸುತ್ತಿಸಿದೆ, ಒಂದಿನ ಗೋಕರ್ಣಕ್ಕೆ ಕರ್ಕೊಂಡು ಹೋಗ್ಲಿಲ್ಲ ನೋಡು ನೀನು."

ಕೊನೆಗೂ ಅಂಕಿ ಕೂತಿತು. ಆದರೆ ದಶಮಾಂಶ ಬಿಂದುವಿನ ನಂತರ ಎರಡೇ ಅಂಕಿ ಬರೆದಿದ್ದೆ. ಎರಡನೆಯದು ಒಂದು ಹೆಚ್ಚುಕಮ್ಮಿಯಾದರೂ ಕಿಲೋಮೀಟರು ಆಚೀಚೆ. ಗುರುತು ಹೋಗಿ ಕೂತದ್ದು ನಮ್ಮ ಕೆರೆಯ ನೀರಿನ ಮೇಲೆ. ನಕ್ಷೆಯನ್ನು ಅಕ್ಕನಿಗೆ ಕಳಿಸಿದೆ.

"ಸಾಕು ಬಿಡೋ, ಇನ್ನು ತಿದ್ದಬೇಡ" ಅಂದಳು. "ಇಲ್ಲಿಂದ ಏರಿ ಮೇಲೆ ನಡ್ಕೊಂಡೇ ಮನೆಗೆ ಹೋಗ್ತೀನಿ."