ಕಡಲಮ್ಮನ ಲೆಕ್ಕಾಚಾರ

ಇಂಗ್ಲೆಂಡಿನಲ್ಲಿ ಒಂದು ದಿನದ ಪ್ರವಾಸ ಹೊರಡುವವರು ಮೊದಲು ಕಿಟಕಿಯಿಂದ ಆಕಾಶ ನೋಡುತ್ತಾರೆ, ಆಮೇಲೆ ಫೋನಿನಲ್ಲಿ. ಎರಡಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ಕೊಡೆ, ತಂಪು ಕನ್ನಡಕ ಎರಡೂ ಚೀಲ ಸೇರುತ್ತವೆ. ಲಂಡನ್ನಿನಲ್ಲಿರುವ ಅಕ್ಕನ ಮಗ ನಮ್ಮಿಬ್ಬರನ್ನು ಸಸೆಕ್ಸ್ ಸೀಮೆ ತೋರಿಸಲು ಕರೆದುಕೊಂಡು ಹೊರಟಿದ್ದೂ ಇದೇ ಸಿದ್ಧತೆಯಲ್ಲಿ.

ಮೊದಲು ಬೋಡಿಯಂ ಕೋಟೆ. 1385ರಲ್ಲಿ ಅಪ್ಪಣೆ ಪಡೆದು ಕಟ್ಟಿಸಿದ್ದು. ಸುತ್ತ ತುಂಬಿದ ಕಂದಕ, ಮೂಲೆಗೊಂದು ದುಂಡು ಬುರುಜು. ಹೊರಗಿನಿಂದ ಮದುವಣಗಿತ್ತಿ, ಒಳಗೆ ಹೋದರೆ ಸೂರಿಲ್ಲದ ಬಯಲು. ಈ ಜನ ಬಿದ್ದ ಗೋಡೆಯನ್ನು ಬಿದ್ದಂತೆಯೇ ಬಿಟ್ಟು ಸುತ್ತಲಿನ ಹುಲ್ಲನ್ನು ಮಾತ್ರ ಅಚ್ಚುಕಟ್ಟಾಗಿ ಕತ್ತರಿಸುತ್ತಾರೆ. 1917ರಲ್ಲಿ ಇದನ್ನು ಕೊಂಡು ರಿಪೇರಿ ಮಾಡಿಸಿದವನ ಹೆಸರು ನೋಡಿ ಕನ್ನಡಕ ಒರೆಸಿಕೊಂಡೆ: ಲಾರ್ಡ್ ಕರ್ಜನ್! 1905ರಲ್ಲಿ ಬಂಗಾಳ ಒಡೆದ ಪುಣ್ಯಾತ್ಮ ಇಲ್ಲಿ ಒಡೆದ ಗೋಡೆಗೆ ಗಾರೆ ಹಾಕಿಸಿದ್ದಾನೆ. ಅನ್ಯಾಯವಾಗಿ ಬೈಯಬಾರದು, ನಮ್ಮ ಹಳೆಯ ಸ್ಮಾರಕಗಳ ರಕ್ಷಣೆಗೆ 1904ರಲ್ಲಿ ಕಾನೂನು ಬಂದದ್ದೂ ಅವನ ಕಾಲದಲ್ಲೇ.

ಅಲ್ಲಿಂದ ರೈ ಎಂಬ ಗುಡ್ಡದೂರು. ಮರ್ಮೇಡ್ ಸ್ಟ್ರೀಟಿನ ಉರುಟು ಕಲ್ಲಿನ ಇಳಿಜಾರಿನಲ್ಲಿ ನಡೆಯಬೇಕೆಂದರೆ ನೆಲವನ್ನೇ ನೋಡಬೇಕು. ಮರದ ಚೌಕಟ್ಟಿನ ಹಳೇ ಮನೆಗಳನ್ನು ನೋಡಬೇಕೆಂದರೆ ನಿಂತುಬಿಡಬೇಕು. ಒಂದು ಕಾಲಕ್ಕೆ ಇದು ಬಂದರು, ಕಳ್ಳಸಾಗಣೆಗೂ ಹೆಸರುವಾಸಿ. ಹೂಳು ತುಂಬಿ ಈಗ ಸಮುದ್ರ ಮೂರು ಕಿಲೋಮೀಟರಿನಷ್ಟು ಆಚೆ ಸರಿದಿದೆ. ಫ್ರೆಂಚರು ಹಡಗಿನಲ್ಲಿ ಬಂದಾರೆಂದು ಎಂಟನೇ ಹೆನ್ರಿ ಹತ್ತಿರದಲ್ಲೇ ಕ್ಯಾಂಬರ್ ಕೋಟೆಯನ್ನು ಭದ್ರಪಡಿಸಿದ. ಕಡಲು ಹಿಂದೆ ಸರಿಯಿತು, ತೋಪುಗಳಿಗೆ ಕೆಲಸವಿಲ್ಲದಾಯಿತು, 1637ರ ಹೊತ್ತಿಗೆ ಬಾಗಿಲು ಹಾಕಿದರು. ಈಗ ಅದಕ್ಕೆ ಮುತ್ತಿಗೆ ಹಾಕಿರುವುದು ಕುರಿಗಳು. ಆರು ಮದುವೆಯಾದ ಹೆನ್ರಿಯನ್ನು ತಾನಾಗಿಯೇ ಬಿಟ್ಟುಹೋದವಳೆಂದರೆ ಕಡಲಮ್ಮ ಒಬ್ಬಳೇ ಇರಬೇಕು.

ಆಕೆ ಇಲ್ಲಿ ಬಿಟ್ಟದ್ದನ್ನು ಪಶ್ಚಿಮಕ್ಕೆ ಬರ್ಲಿಂಗ್ ಗ್ಯಾಪಿನಲ್ಲಿ ವಸೂಲು ಮಾಡುತ್ತಿದ್ದಾಳೆ. ಅಲ್ಲಿನ ದಂಡೆಯುದ್ದಕ್ಕೂ ಸೀಮೆಸುಣ್ಣದ ಬಿಳಿ ಗೋಡೆ, ನಡುನಡುವೆ ಕಪ್ಪು ಚಕಮಕಿ ಕಲ್ಲಿನ ಸಾಲು. ಉದುರಿ ಬಿದ್ದಿದ್ದ ಒಂದು ಚೂರು ಎತ್ತಿಕೊಂಡೆ, ಬೆರಳೆಲ್ಲ ಮೇಷ್ಟ್ರ ಬೆರಳಾಯಿತು. ಇಷ್ಟು ಮೆದು ಇದ್ದರೆ ಅಲೆಗೇನು ಕಷ್ಟ? ಅಂಚಿನಲ್ಲಿದ್ದ ಮನೆಗಳನ್ನು ಒಂದೊಂದಾಗಿ ಕೆಡವಬೇಕಾಗಿದೆ. ಪಕ್ಕದ ಗುಡ್ಡದ ಬೆಲ್ ಟೂಟ್ ದೀಪಸ್ತಂಭವನ್ನು ಮಾತ್ರ 1999ರಲ್ಲಿ ಜ್ಯಾಕ್ ಕೊಟ್ಟು ಎತ್ತಿ, ಹಳಿಗಳ ಮೇಲೆ ಜಾರಿಸಿ, ಇಡಿಯಾಗಿ 17 ಮೀಟರ್ ಹಿಂದಕ್ಕೆ ಕೂರಿಸಿದರು. ಅಷ್ಟರಿಂದ ಎಷ್ಟು ದಿನ ಎಂದು ಕೇಳುವುದು ಅಮಂಗಳ.

ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಬಿಚ್ಚಿದೆವು. ಗಾಳಿಗೆ ಪೇಪರ್ ತಟ್ಟೆ ಫ್ರಾನ್ಸಿನ ದಿಕ್ಕು ಹಿಡಿಯಿತು. ಕಡಲಕ್ಕಿಯೊಂದು ಉಳಿದವರ ತಟ್ಟೆಯ ಕಡಲೆಬೀಜವನ್ನು ಲೆಕ್ಕಹಾಕುತ್ತ ಹತ್ತಿರ ಬಂತು. ಕಾರುಗಳ ಕಡೆ ನೋಡಿದರೆ ಸಾಲಿಗೆ ಸಾಲು ವಯಸ್ಸಾದ ದಂಪತಿಗಳು, ಕಿಟಕಿ ಭದ್ರವಾಗಿ ಏರಿಸಿ, ಸಮುದ್ರಕ್ಕೆ ಮುಖ ಮಾಡಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದಾರೆ! ಇಷ್ಟು ದೂರ ಬಂದು ಗಾಜಿನೊಳಗಿಂದ ಸಮುದ್ರ ನೋಡುವುದೇ ಎಂದು ಬೆಳಿಗ್ಗೆಯಾಗಿದ್ದರೆ ನಗುತ್ತಿದ್ದೆ. ಐದು ನಿಮಿಷದಲ್ಲಿ ನಾವೂ ಸಾಲಿನಲ್ಲಿದ್ದೆವು. ಪಕ್ಕದ ಕಾರಿನ ಅಜ್ಜ ನಮ್ಮನ್ನು ಸಂಘಕ್ಕೆ ಸೇರಿಸಿಕೊಂಡಂತೆ ತಲೆಯಾಡಿಸಿದರು.

“ಮಾವ, ಕಿಟಕಿ ಒಂಚೂರು ಇಳಿಸಿ,” ಎಂದ ಹುಡುಗ. “ಇಂಗಿನ ವಾಸನೆ ಸೀಟಿಗೆ ಹತ್ತಿಬಿಟ್ರೆ ಸೋಮವಾರ ಆಫೀಸಿನವರನ್ನ ಕೂರಿಸ್ಕೊಳ್ಳೋದು ಕಷ್ಟ.”